ಹಾಡು ಗೊತ್ತು, ಕವಿ ಯಾರು?

ನವೆಂಬರ್ ಬಂತೆಂದರೆ ಯಲಹಂಕದಲ್ಲಿ ತಿಂಗಳಿಡೀ ರಾಜ್ಯೋತ್ಸವ. ಒಂದು ಭಾನುವಾರ ಹಳೇ ಊರಿನಲ್ಲಿ ಪೆಂಡಾಲ್ ಎದ್ದರೆ ಇನ್ನೊಂದು ಭಾನುವಾರ ಉಪನಗರದಲ್ಲಿ. ಅಲ್ಲಿ ಹಾಡುವ ಹಾಡುಗಳೆಲ್ಲ ಜನರಿಗೆ ಬಾಯಿಪಾಠ. ಅವು ಎಲ್ಲಿಂದ ಬಂದವು ಎಂದು ಕೇಳಿದರೆ ಮಾತ್ರ ತಪ್ಪು ಉತ್ತರಗಳೇ ಹೆಚ್ಚು.

ತಪ್ಪು ಕಲ್ಪನೆ: ‘ನಿತ್ಯೋತ್ಸವ’ ಬರೆದವರು ಮಲೆನಾಡಿನವರು.

ವಾಸ್ತವ: ಕೆ.ಎಸ್. ನಿಸಾರ್ ಅಹಮದ್ ಹುಟ್ಟಿದ್ದು 1936ರಲ್ಲಿ, ನಮಗೆ ಹತ್ತಿರದ ದೇವನಹಳ್ಳಿಯಲ್ಲಿ. ಜೋಗ, ತುಂಗೆಯ ಹೆಸರು ಹಾಡಿನಲ್ಲಿ ಬರುವುದರಿಂದ ಜನ ಹಾಗೆ ಊಹಿಸುತ್ತಾರೆ. ಅವರು ಓದಿದ್ದು ಭೂವಿಜ್ಞಾನ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದವರಿಗೆ ಮಲೆನಾಡು ಕಣ್ಣೆದುರೇ ಇತ್ತು. ಬಯಲುಸೀಮೆಯಿಂದ ಹೋದವರು ಆ ನೆಲವನ್ನು ಇಷ್ಟು ತುಂಬಿ ಹಾಡಿದ್ದು ನನಗೆ ಇಂದಿಗೂ ದೊಡ್ಡ ಸಂಗತಿ. ಕವನ ಸಂಕಲನ ಬಂದದ್ದು 1976ರಲ್ಲಿ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ಕ್ಯಾಸೆಟ್ ಬಂತು. ಕನ್ನಡ ಭಾವಗೀತೆಗಳು ಮನೆಮನೆಯ ಟೇಪ್‌ರೆಕಾರ್ಡರಿಗೆ ಬಂದದ್ದು ಆ ಕ್ಯಾಸೆಟ್ಟಿನ ಬೆನ್ನಿಗೇ. ಯಲಹಂಕದ ಕಾರ್ಯಕ್ರಮಗಳಲ್ಲಿ ದೇವನಹಳ್ಳಿಯ ಹೆಸರನ್ನು ಹೆಮ್ಮೆಯಿಂದ ಹೇಳಬೇಕು. ಅದು ನಡೆಯುತ್ತಿಲ್ಲ.

ತಪ್ಪು ಕಲ್ಪನೆ: ‘ಕಾಡು ಕುದುರೆ’ ಜನಪದ ಹಾಡು, ಬರೆದವರು ಯಾರೋ ಗೊತ್ತಿಲ್ಲ.

ವಾಸ್ತವ: ಬರೆದವರು ಚಂದ್ರಶೇಖರ ಕಂಬಾರರು. ಉತ್ತರ ಕರ್ನಾಟಕದ ಜನಪದ ಲಯ ಅವರಿಗೆ ಎಷ್ಟು ಒಗ್ಗಿತ್ತೆಂದರೆ ಹಾಡು ಊರಿನದೇ ಅನ್ನಿಸುತ್ತದೆ. ಕಂಬಾರರೇ ನಿರ್ದೇಶಿಸಿದ ಅದೇ ಹೆಸರಿನ ಚಿತ್ರಕ್ಕಾಗಿ ಇದನ್ನು ಹಾಡಿದ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು. ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಅವರೇ. ‘ಜನಪದ ಗೀತೆ’ ಎಂದು ಕರೆದು ಹಾಡಿದಾಗ ಕವಿಯ ಹೆಸರೇ ಅಳಿಸಿಹೋಗುತ್ತದೆ.

ತಪ್ಪು ಕಲ್ಪನೆ: ಬೇಂದ್ರೆಯವರ ‘ಬೆಳಗು’ ಸಿನಿಮಾಕ್ಕೆ ಬರೆದ ಹಾಡು.

ವಾಸ್ತವ: ಆ ಹಾಡನ್ನು ಬಳಸಿಕೊಂಡ ಪುಟ್ಟಣ್ಣ ಕಣಗಾಲರ ಚಿತ್ರ ‘ಬೆಳ್ಳಿಮೋಡ’ ಬಂದದ್ದು 1967ರಲ್ಲಿ. ಆ ಕವಿತೆ ಇರುವ ‘ಗರಿ’ ಸಂಕಲನ 1932ರದು.

ತಪ್ಪು ಕಲ್ಪನೆ: ಕುವೆಂಪು ಅವರ ಗೀತೆ 1956ರಿಂದಲೂ ನಾಡಗೀತೆ.

ವಾಸ್ತವ: ಇದನ್ನು ನಂಬಿದವರಲ್ಲಿ ಓದಿದವರೂ ಇದ್ದಾರೆ. ಕವಿತೆ ಏಕೀಕರಣಕ್ಕಿಂತ ಬಹಳ ಹಿಂದಿನದು ನಿಜ, ಆದರೆ ಸರ್ಕಾರ ಅದನ್ನು ನಾಡಗೀತೆ ಎಂದು ಘೋಷಿಸಿದ್ದು 2004ರಲ್ಲಿ. ಏಕೀಕರಣ ಚಳವಳಿಯ ಕಾಲದಲ್ಲಿ ಜನರನ್ನು ಒಟ್ಟುಗೂಡಿಸಿದ್ದು ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ’. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಅದು ಮೊಳಗಿತ್ತು. ಹಳೇ ಮೈಸೂರಿಗಂತೂ ಬೇರೆಯೇ ಗೀತೆ. ಅದನ್ನು ರಚಿಸಿದವರು ಬಸಪ್ಪ ಶಾಸ್ತ್ರಿಗಳು. ಇನ್ನು ನಾಡಗೀತೆಯ ಧಾಟಿಯ ಜಗಳ ವರ್ಷಗಟ್ಟಲೆ ನಡೆಯಿತು. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನೇ ಒಪ್ಪಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕೆಂದು ಆದೇಶಿಸಿತು.

ಇದೇ ವೇದಿಕೆಗಳ ಭಾಷಣಗಳಲ್ಲಿ ಕೇಳುವ ಇನ್ನೊಂದು ಮಾತು: ಈ ಭಾಗದ ಕನ್ನಡದ ಚರಿತ್ರೆ ಕೆಂಪೇಗೌಡರಿಂದ ಶುರು. ಯಲಹಂಕ ನಾಡಪ್ರಭುಗಳ ಮೇಲೆ ನಮಗೆಲ್ಲ ಅಭಿಮಾನವಿದೆ, ಇರಲೇಬೇಕು. ಆದರೆ ಅವರು ಬೆಂಗಳೂರು ಪೇಟೆ ಕಟ್ಟಿದ್ದು 1537ರಲ್ಲಿ. ಹೆಬ್ಬಾಳದಲ್ಲಿ 2018ರಲ್ಲಿ ಪತ್ತೆಯಾದ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಹೋರಾಡಿ ಮಡಿದ ಕಿಟ್ಟಯ್ಯನ ಹೆಸರು ಅದರ ಮೇಲೆ ಕನ್ನಡದಲ್ಲೇ ಇದೆ. ಒಬ್ಬ ಯೋಧನ ಹೆಸರು ಅಳಿಯಬಾರದೆಂದು ಅಂದಿನ ಜನ ಅಷ್ಟು ಕಾಳಜಿ ಮಾಡಿದರು.

ನಿಮ್ಮ ಮಗುವೋ ಮೊಮ್ಮಗುವೋ ಶಾಲೆಯ ವಾರ್ಷಿಕೋತ್ಸವಕ್ಕೆ ಹಾಡು ಕಲಿಯುವಾಗ ದಯವಿಟ್ಟು ಎರಡು ಹೆಸರನ್ನೂ ಕಲಿಸಿ: ಬರೆದವರದು, ರಾಗ ಹಾಕಿದವರದು.