ಬಡ್ತಿಯ ಲೆಕ್ಕಕ್ಕೆ ಬಾರದ ಕೆಲಸ

ಯಾರಾದರೂ ಮಾಡಲೇಬೇಕಾದ, ಆದರೆ ಮಾಡಿದವರ ಹೆಸರು ಎಲ್ಲೂ ಉಳಿಯದ ಕೆಲಸಗಳು ಪ್ರತಿ ಕಚೇರಿಯಲ್ಲೂ ಇರುತ್ತವೆ. ಸಭೆಯ ನಡಾವಳಿ ಬರೆಯುವುದು, ನಿವೃತ್ತರ ಬೀಳ್ಕೊಡುಗೆಗೆ ಹಣ ಕೂಡಿಸಿ ಶಾಲು ಹಾರ ತರಿಸುವುದು, ಆಯುಧಪೂಜೆಗೆ ಕಚೇರಿ ಸಿಂಗರಿಸುವುದು, ಹೊಸದಾಗಿ ಸೇರಿದವರ ಪಕ್ಕ ಕೂತು ಕೆಲಸ ಕಲಿಸುವುದು, ಕಾಲೇಜಾದರೆ ಮಾನ್ಯತೆಯ ಪರಿಶೀಲನೆಗೆ ನ್ಯಾಕ್ ತಂಡ ಬರುವ ಮುನ್ನ ಕಡತಗಳನ್ನೆಲ್ಲ ಹೊಂದಿಸಿಡುವುದು. ಇವಿಲ್ಲದೆ ಕಚೇರಿ ನಡೆಯದು. ಆದರೂ ಬಡ್ತಿಯ ಸಮಿತಿ ಕೂತಾಗ ಇವುಗಳ ಮಾತೇ ಏಳುವುದಿಲ್ಲ. ಯಾವ ಯೋಜನೆ ಮುಗಿಸಿದರು, ಎಷ್ಟು ವ್ಯವಹಾರ ತಂದರು, ಏನು ಪ್ರಕಟಿಸಿದರು ಎಂದಷ್ಟೇ ಅಲ್ಲಿ ಕೇಳುತ್ತಾರೆ. ಉದ್ಯೋಗಸ್ಥ ಮಹಿಳೆಯರಿಗೆ ಸಿಗುವ ಸಲಹೆಗಳಲ್ಲಿ ಆತ್ಮವಿಶ್ವಾಸ, ಮಾತುಗಾರಿಕೆ, ಉಡುಪುಗಳ ಪಾಲೇ ಹೆಚ್ಚು. ಈ ಅಧ್ಯಾಯವನ್ನು ಮಾತ್ರ ಇಂಥ ಸಣ್ಣ ಕೆಲಸಗಳಿಗೇ ಮೀಸಲಿಟ್ಟಿದ್ದೇನೆ. ಜಾಣೆಯರಾದ, ದುಡಿಯುವ ಎಷ್ಟೋ ಹೆಣ್ಣುಮಕ್ಕಳು ಹಿಂದೆ ಬೀಳುವುದು ಇಲ್ಲೇ ಎಂಬುದು ನನ್ನ ನಂಬಿಕೆ.

ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಲಿಂಡಾ ಬ್ಯಾಬ್‌ಕಾಕ್, ಲೀಸೆ ವೆಸ್ಟರ್‌ಲುಂಡ್ ಮತ್ತು ಅವರ ಜೊತೆಗಾರರು ನಡೆಸಿದ ಪ್ರಯೋಗಗಳು 2017ರಲ್ಲಿ ಪ್ರಕಟವಾದವು. ಮೂವರ ಒಂದು ಗುಂಪು. ಎರಡು ನಿಮಿಷದೊಳಗೆ ಯಾರಾದರೂ ಒಬ್ಬರು ಕಂಪ್ಯೂಟರಿನಲ್ಲಿ ಗುಂಡಿ ಒತ್ತಬೇಕು. ಯಾರೂ ಒತ್ತದಿದ್ದರೆ ಎಲ್ಲರಿಗೂ ಒಂದೊಂದೇ ಡಾಲರ್. ಒಬ್ಬರು ಒತ್ತಿದರೆ ಅವರಿಗೆ ಒಂದೂಕಾಲು ಡಾಲರ್, ಸುಮ್ಮನೆ ಕೂತ ಇಬ್ಬರಿಗೆ ಎರಡೆರಡು. ಒತ್ತಿದವರಿಂದ ಎಲ್ಲರಿಗೂ ಲಾಭ, ಒತ್ತಿದವರಿಗೇ ಕಡಿಮೆ ಲಾಭ. ಹೆಣ್ಣು ಗಂಡು ಬೆರೆತ ಗುಂಪುಗಳಲ್ಲಿ ಗುಂಡಿ ಒತ್ತಲು ಮುಂದಾದ ಹೆಂಗಸರ ಪ್ರಮಾಣ ಗಂಡಸರಿಗಿಂತ ಶೇ. 48ರಷ್ಟು ಹೆಚ್ಚಿತ್ತು.

ಹೆಣ್ಣಿನ ಸ್ವಭಾವವೇ ಹಾಗೆ, ಎಲ್ಲರಿಗೂ ನೆರವಾಗುವವಳು ಎಂದು ಇದಕ್ಕೆ ಅರ್ಥ ಹಚ್ಚುವವರು ಮುಂದಿನದನ್ನೂ ಓದಬೇಕು. ಬರೀ ಹೆಂಗಸರ ಗುಂಪು, ಬರೀ ಗಂಡಸರ ಗುಂಪು ಮಾಡಿ ಆಡಿಸಿದಾಗ ಈ ವ್ಯತ್ಯಾಸ ಕಾಣಲಿಲ್ಲ. ಬೇರೆ ದಾರಿಯಿಲ್ಲದಾಗ ಗಂಡಸರೂ ಅಷ್ಟೇ ಸಲ ಒತ್ತಿದರು. ಅಂದರೆ ಇದರ ಹಿಂದಿರುವುದು ನಿರೀಕ್ಷೆ. ಹೆಣ್ಣೊಬ್ಬಳು ಗುಂಪಿನಲ್ಲಿದ್ದರೆ ಅವಳೇ ಮಾಡಿಯಾಳು ಎಂದು ಉಳಿದವರು ಕಾಯುತ್ತಾರೆ, ತಾನೇ ಮಾಡಬೇಕೇನೋ ಎಂದು ಅವಳಿಗೂ ಅನಿಸುತ್ತದೆ. ಇನ್ನೊಂದು ಸುತ್ತಿನಲ್ಲಿ, ಯಾರಿಗೆ ಕೆಲಸ ಹೇಳಬೇಕೆಂದು ಆರಿಸಲು ನಾಲ್ಕನೆಯವರೊಬ್ಬರನ್ನು ಇಟ್ಟರು. ಆರಿಸುವವರು ಗಂಡಾಗಿರಲಿ ಹೆಣ್ಣಾಗಿರಲಿ, ಹೆಚ್ಚಾಗಿ ಕೇಳಿದ್ದು ಹೆಂಗಸರನ್ನೇ. ಮಹಿಳಾ ಅಧಿಕಾರಿ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿದವರು ಇದನ್ನು ಗಮನಿಸಬೇಕು.

ಇಲ್ಲಿ ಕೊಡಗಿನ ಚೋಣಿರ ಬೆಳ್ಯಪ್ಪ ಮುತ್ತಮ್ಮನವರನ್ನು ನೆನೆಯಬೇಕು. 1924ರಲ್ಲಿ ವಿರಾಜಪೇಟೆಯಲ್ಲಿ ಹುಟ್ಟಿದ ಅವರು ಭಾರತೀಯ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಆ ಸೇವೆಯ ನಿಯಮಗಳ ಪ್ರಕಾರ ಮಹಿಳಾ ಅಧಿಕಾರಿ ಮದುವೆಯಾಗಬೇಕಾದರೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಸಂಸಾರದ ಹೊಣೆಯಿಂದ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂದು ಸರ್ಕಾರಕ್ಕೆ ಅನಿಸಿದರೆ ರಾಜೀನಾಮೆ ಕೇಳಬಹುದಿತ್ತು. ಗಂಡಸರಿಗೆ ಇಂಥ ನಿಯಮವಿರಲಿಲ್ಲ. ಮೇಲಿನ ದರ್ಜೆಗೆ ಬಡ್ತಿ ತಪ್ಪಿದಾಗ ಮುತ್ತಮ್ಮ ನೇರ ಸುಪ್ರೀಂ ಕೋರ್ಟಿಗೆ ಹೋದರು. ಮೊಕದ್ದಮೆ ನಡೆಯುತ್ತಿದ್ದಾಗಲೇ ಸರ್ಕಾರ ಬಡ್ತಿ ಕೊಟ್ಟಿದ್ದರಿಂದ 1979ರಲ್ಲಿ ಅರ್ಜಿ ವಜಾ ಆಯಿತು. ಆದರೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ನಿಯಮಗಳನ್ನು ಕಟುವಾಗಿ ಟೀಕಿಸಿದರು, ಮುತ್ತಮ್ಮನವರ ಜ್ಯೇಷ್ಠತೆಯನ್ನು ಮರುಪರಿಶೀಲಿಸುವಂತೆ ಸರ್ಕಾರಕ್ಕೆ ಹೇಳಿದರು. ಆ ನಿಯಮಗಳು ಇಂದು ಇಲ್ಲ.

ಮುತ್ತಮ್ಮನವರ ಕೈಯಲ್ಲಿ ಒಂದು ಬಲವಿತ್ತು: ಅನ್ಯಾಯ ಅಚ್ಚಾದ ಅಕ್ಷರದಲ್ಲಿತ್ತು. ಇಂತಿಷ್ಟನೇ ನಿಯಮ ಎಂದು ಬೆರಳಿಟ್ಟು ತೋರಿಸಬಹುದಿತ್ತು. ಇಂದಿನ ಅಡ್ಡಿ ಯಾವ ಸುತ್ತೋಲೆಯಲ್ಲೂ ಇಲ್ಲ. ನಡಾವಳಿಯನ್ನು ಹೆಂಗಸರೇ ಬರೆಯಬೇಕೆಂದು ಯಾರೂ ಆದೇಶ ಹೊರಡಿಸಿಲ್ಲ. ಆದ್ದರಿಂದ ಅದನ್ನು ಅಕ್ಷರಕ್ಕೆ ಇಳಿಸುವ ಕೆಲಸವನ್ನು ನಾವೇ ಮಾಡಬೇಕು.

ಒಂದು ನೋಟ್‌ಬುಕ್ ಸಾಕು. ವಾರಕ್ಕೊಮ್ಮೆ, ಶನಿವಾರವೋ ಶುಕ್ರವಾರ ಸಂಜೆಯೋ, ಹತ್ತು ನಿಮಿಷ ಕೂತು ಆ ವಾರ ಮಾಡಿದ್ದನ್ನೆಲ್ಲ ಬರೆಯಿರಿ. ಯಾರು ಹೇಳಿದರು, ಎಷ್ಟು ಹೊತ್ತು ಹಿಡಿಯಿತು, ನಿಮ್ಮ ಹುದ್ದೆಯ ಕರ್ತವ್ಯಗಳ ಪಟ್ಟಿಯಲ್ಲಿ ಅದು ಇದೆಯೇ, ಅದರಿಂದ ಏನಾಯಿತು. ಮೂರು ತಿಂಗಳಾದ ಮೇಲೆ ತಿರುವಿ ನೋಡಿದರೆ ನಿಮ್ಮ ಸಮಯ ಎತ್ತ ಹರಿದಿದೆ ಎಂಬುದು ನಿಮಗೇ ಕಾಣುತ್ತದೆ. ಅಪ್ರೈಸಲ್ ಬಂದಾಗ ನೆನಪಿನಿಂದ ತೋಡಿ ತೆಗೆಯುವ ಕಷ್ಟವೂ ಇಲ್ಲ. ‘ತಂಡಕ್ಕೆ ಸಹಕರಿಸಿದೆ’ ಎಂದು ಬರೆಯುವ ಜಾಗದಲ್ಲಿ ‘ಹೊಸದಾಗಿ ಬಂದ ನಾಲ್ವರಿಗೆ ಸಾಲದ ಕಡತ ಪರಿಶೀಲನೆ ಕಲಿಸಿದೆ, ಈಗ ಅವರು ಸ್ವತಂತ್ರವಾಗಿ ಮಾಡುತ್ತಿದ್ದಾರೆ’ ಎಂದು ಬರೆಯಬಹುದು.

ಕಾಲೇಜು ಅಧ್ಯಾಪಕಿಯರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಯುಜಿಸಿಯ 2018ರ ನಿಯಮಾವಳಿಯಲ್ಲಿ ಮುಖ್ಯಸ್ಥರು, ಸಂಯೋಜಕರು, ವಾರ್ಡನ್ ಮುಂತಾದ ಆಡಳಿತ ಜವಾಬ್ದಾರಿಗಳಿಗೆ ಪದೋನ್ನತಿಯ ಮೌಲ್ಯಮಾಪನದಲ್ಲಿ ಜಾಗವಿದೆ. ಆದರೆ ಕೆಲಸ ಮಾಡಿದೆ ಎನ್ನುವುದಕ್ಕೆ ಕಾಗದ ಬೇಕು. ಪ್ರಾಂಶುಪಾಲರು ಕಾರಿಡಾರಿನಲ್ಲಿ ನಿಂತು “ಮೇಡಂ, ನ್ಯಾಕ್ ಕೆಲಸ ನೀವೇ ನೋಡ್ಕೊಳ್ಳಿ” ಎಂದರೆ ಅದು ಬಾಯಿಮಾತು. “ಆಗ್ಲಿ ಸರ್, ಸಂಯೋಜಕಿ ಅಂತ ಒಂದು ಆದೇಶ ಮಾಡ್ಸಿಕೊಡಿ, ಶುರು ಮಾಡ್ತೀನಿ” ಎಂದು ಆಗಲೇ ಕೇಳುವುದು ಸಂಕೋಚಪಡುವ ವಿಷಯವೇ ಅಲ್ಲ. ಆದೇಶದಲ್ಲಿ ಹೆಸರು ಬೇರೊಬ್ಬರದಿದ್ದು ರಾತ್ರಿ ಕೂತು ಕಡತ ಕಟ್ಟಿದವರು ನೀವಾಗಿದ್ದರೆ, ಸಮಿತಿಯ ಮುಂದೆ ಹೋಗುವುದು ಆದೇಶ.

ಸರ್ಕಾರಿ ನೌಕರಿಯಲ್ಲಿರುವವರಿಗೆ ಇನ್ನೊಂದು ಆಸರೆಯಿದೆ. ಗೌಪ್ಯ ವರದಿಯಲ್ಲಿ ಮೇಲಧಿಕಾರಿ ಏನು ಬರೆದರೆಂಬುದು ಹಿಂದೆಲ್ಲ ಕೆಟ್ಟ ಷರಾ ಇದ್ದರೆ ಮಾತ್ರ ನೌಕರರಿಗೆ ತಿಳಿಯುತ್ತಿತ್ತು. 2008ರಲ್ಲಿ ದೇವ್ ದತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವರದಿಯ ಪ್ರತಿಯೊಂದು ಷರಾವನ್ನೂ, ಒಳ್ಳೆಯದಿರಲಿ ಸಾಧಾರಣವಿರಲಿ, ನೌಕರರಿಗೆ ತಿಳಿಸಲೇಬೇಕು ಎಂದಿತು. ಆ ಪ್ರಕರಣದಲ್ಲಿ ಬಡ್ತಿಗೆ ಅಡ್ಡ ಬಂದದ್ದು ‘ಉತ್ತಮ’ ಎಂಬ ಷರಾ, ಏಕೆಂದರೆ ಬೇಕಿದ್ದದ್ದು ‘ಅತ್ಯುತ್ತಮ’. ನಿಮ್ಮ ವರದಿಯನ್ನು ಕೇಳಿ ಪಡೆಯಿರಿ. ಅಂಕ ಕಡಿಮೆ ಎನಿಸಿದರೆ ಮನವಿ ಸಲ್ಲಿಸಿ. ನೋಟ್‌ಬುಕ್ ಆಗ ಕೈಗೆ ಬರುತ್ತದೆ.

ಇಷ್ಟಾದರೂ, ಲೆಕ್ಕಕ್ಕೆ ಬಾರದ ಕೆಲಸಕ್ಕೆ ಒಲ್ಲೆ ಎಂದುಬಿಡಿ ಎಂಬ ಸುಲಭದ ಸಲಹೆಯನ್ನು ನಾನು ಕೊಡಲಾರೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮ್ಯಾಡೆಲಿನ್ ಹೈಲ್‌ಮನ್ ಮತ್ತು ಜೂಲಿ ಚೆನ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಬೇಸರದ ಸಂಗತಿಯಿದೆ. ಸಹೋದ್ಯೋಗಿಗೆ ನೆರವಾದ ಗಂಡಸಿಗೆ ಹೊಗಳಿಕೆ ಸಿಕ್ಕಿತು, ಅದನ್ನೇ ಮಾಡಿದ ಹೆಂಗಸಿಗೆ ಸಿಗಲಿಲ್ಲ. ನೆರವಾಗದ ಹೆಂಗಸಿನ ಬಗ್ಗೆ ಅಭಿಪ್ರಾಯ ಕೆಟ್ಟಿತು, ನೆರವಾಗದ ಗಂಡಸಿಗೆ ಏನೂ ಆಗಲಿಲ್ಲ. ಮಾಡಿದರೆ ಹೆಸರಿಲ್ಲ, ಬಿಟ್ಟರೆ ನಿಂದೆ. ಒಬ್ಬಳೇ ನಿಂತು ಬೇಡ ಎನ್ನುವವಳು ಈ ಬೆಲೆ ತೆರಬೇಕಾಗುತ್ತದೆ, ಅದರಲ್ಲೂ ಕೆಲಸ ಇನ್ನೂ ಖಾಯಂ ಆಗದವಳು.

ಆದ್ದರಿಂದ ಸರದಿಯನ್ನು ಕೇಳುವುದೇ ಲೇಸು. “ಸರ್, ಕಳೆದ ಮೂರು ಸಭೆಗೂ ನಡಾವಳಿ ನಾನೇ ಬರೆದಿದ್ದೀನಿ. ಎಲ್ಲರ ಹೆಸರಿನದ್ದೂ ಒಂದು ಪಟ್ಟಿ ಮಾಡಿ ಹಾಕ್ತೀನಿ, ಸರದಿ ಪ್ರಕಾರ ಬರೀಲಿ.” ಈ ಮಾತಿನಲ್ಲಿ ಯಾರ ಮೇಲೂ ದೂರಿಲ್ಲ, ಎಲ್ಲರಿಗೂ ಅನ್ವಯಿಸುವ ಒಂದು ಏರ್ಪಾಡಿದೆ. ಇಬ್ಬರು ಸೇರಿ ಹೇಳಿದರೆ ಇನ್ನೂ ಒಳ್ಳೆಯದು, ಅವರಲ್ಲೊಬ್ಬರು ಪುರುಷ ಸಹೋದ್ಯೋಗಿಯಾದರೆ ಮತ್ತೂ ಒಳ್ಳೆಯದು. ಹೊಸ ಕೆಲಸವೊಂದು ನಿಮ್ಮ ಪಾಲಿಗೆ ಬಂದಾಗ, ಅದಕ್ಕಾಗಿ ಕೈಯಲ್ಲಿರುವ ಯಾವುದನ್ನು ಬಿಡಲಿ ಎಂದೂ ಕೇಳಬಹುದು. ಇದಕ್ಕೆ ಉತ್ತರಿಸುವಾಗ ಮೇಲಧಿಕಾರಿ ನಿಮ್ಮ ಮೇಲಿರುವ ಹೊರೆಯನ್ನು ಒಮ್ಮೆಯಾದರೂ ಎಣಿಸಲೇಬೇಕಾಗುತ್ತದೆ.

ಈ ಪುಸ್ತಕ ಓದುವವರಲ್ಲಿ ಕೆಲವರು ಈಗಾಗಲೇ ಹತ್ತಾರು ಜನರ ಮೇಲ್ವಿಚಾರಣೆ ನೋಡುವವರಿರಬಹುದು. ಹೊರೆಯನ್ನು ನಿಜಕ್ಕೂ ಇಳಿಸಬಲ್ಲವರು ಅವರೇ. ಸಭೆಯಲ್ಲಿ “ಯಾರು ಮಾಡ್ತೀರಿ?” ಎಂದು ಕೇಳಿ ಕೈ ಏಳುವುದನ್ನು ಕಾಯುವ ಪದ್ಧತಿಯನ್ನು ಮೊದಲು ನಿಲ್ಲಿಸಲಿ. ಆ ಮೌನದಲ್ಲಿ ಕೈ ಎತ್ತುವವರು ಯಾರೆಂದು ಪಿಟ್ಸ್‌ಬರ್ಗಿನ ಪ್ರಯೋಗ ತೋರಿಸಿದೆ. ಚೀಟಿ ಎತ್ತಿಸಲಿ, ಇಲ್ಲವೇ ಹಾಜರಿ ಪುಸ್ತಕದ ಕ್ರಮದಲ್ಲೇ ಹಂಚಲಿ. ಜೊತೆಗೆ ಕಳೆದ ಒಂದು ವರ್ಷದಲ್ಲಿ ಬೀಳ್ಕೊಡುಗೆ, ನಡಾವಳಿ, ತರಬೇತಿ ಯಾರ ಪಾಲಿಗೆ ಎಷ್ಟು ಬಂತು, ದೊಡ್ಡ ಯೋಜನೆಗಳು ಯಾರ ಪಾಲಿಗೆ ಹೋದವು ಎಂಬ ಎರಡು ಪಟ್ಟಿಗಳನ್ನು ಮುಂದಿನ ಅಪ್ರೈಸಲ್‌ಗೆ ಮುನ್ನ ತಮ್ಮ ಕೈಯಾರೆ ಬರೆದು ಅಕ್ಕಪಕ್ಕ ಇಟ್ಟು ನೋಡಲಿ.