ಹರಿದ ಸೀರೆಯ ಮರುಜನ್ಮ

ಬೀರುವಿನಲ್ಲಿ ಹಳೆಯ ಸೀರೆಗಳ ಗಂಟು ಬೆಳೆದಾಗ ಗೃಹಿಣಿಗೆ ತೋಚುವ ಉಪಾಯಗಳು ಎರಡು: ಬೀದಿಯಲ್ಲಿ ಕೂಗುತ್ತ ಬರುವ ಪಾತ್ರೆಯವಳಿಗೆ ಕೊಟ್ಟು ಒಂದು ಡಬರಿಯನ್ನು ಪಡೆಯುವುದು, ಇಲ್ಲವೇ ಕಸದ ಗಾಡಿಗೆ ಹಾಕಿ ಮರೆತುಬಿಡುವುದು. ಬೆಂಗಳೂರಿನ ರಾಜಾಜಿನಗರ, ವಿಜಯನಗರಗಳ ಮನೆಮನೆಯ ಮಾತಿದು. ಆದರೆ ಇದೇ ಬಡಾವಣೆಗಳಿಗೆ ಬಂದು ನೆಲೆಸಿರುವ ಉತ್ತರ ಕರ್ನಾಟಕದ ಸಂಸಾರಗಳು ಮೂರನೆಯ ಉಪಾಯವೊಂದನ್ನೂ ಬಲ್ಲವು. ಅದೇ ಕೌದಿ.

ಕೌದಿಗೆ ಬೇಕಾದ ಬಂಡವಾಳ ಅತ್ಯಲ್ಪ: ಸೂಜಿ, ದಾರ, ಚಿಂದಿ, ಬಿಡುವು. ಸವೆದ ಸೀರೆಯನ್ನು ತಳಕ್ಕೆ ಹಾಸಿ, ಅದರ ಮೇಲೆ ಧೋತರದ ಚೂರು, ಕುಪ್ಪಸದ ತುಂಡು, ಮಗುವಿನ ಅಂಗಿಯ ತೋಳುಗಳನ್ನು ಪದರಪದರವಾಗಿ ಜೋಡಿಸಿ ಸಾಲುಸಾಲಾಗಿ ಹೊಲಿಯುತ್ತಾರೆ. ಒಂಟಿಯಾಗಿ ಕೈಯಲ್ಲಿಯೇ ಹರಿಯುವ ಬಟ್ಟೆ, ನಾಲ್ಕಾರು ಕೂಡಿದಾಗ ಚಳಿಯನ್ನು ತಡೆಯುತ್ತದೆ.

ಈ ಕಲೆಯ ಸೊಬಗನ್ನು ಕಾಣಬೇಕಾದರೆ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಹೆಂಗಸರ ಕೈಗೆಲಸವನ್ನು ನೋಡಬೇಕು. ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರ ಸಂತತಿಯವರಿವರು. ಇವರಲ್ಲಿ ಕೌದಿಗೆ ಕವಂದಿಯೆಂದು ಹೆಸರು. ಅಂಚಿನಿಂದ ಹೊರಟ ಹೊಲಿಗೆ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ನಿಲ್ಲುತ್ತದೆ. ನಾಲ್ಕು ಮೂಲೆಗಳಿಗೂ ಮಡಿಸಿದ ಬಟ್ಟೆಯ ‘ಫೂಲ’, ಎಂದರೆ ಹೂವು. ಹೂವಿಲ್ಲದ ಕವಂದಿ ಇವರ ಕಣ್ಣಿಗೆ ಬೆತ್ತಲೆ! ಅಮೆರಿಕದ ಕಲಾ ಇತಿಹಾಸಜ್ಞ ಹೆನ್ರಿ ಡ್ರೂವಲ್ ಅವರು ಈ ಕಲೆಯನ್ನು ಅಭ್ಯಸಿಸಿ ಬರೆದರು. ಗುಡಿಸಲಿನ ಹೊದಿಕೆ ಆ ದೇಶದ ಪ್ರದರ್ಶನಾಲಯಗಳ ಗೋಡೆಯನ್ನೇರಿತು.

ಈ ಕೀರ್ತಿಯಲ್ಲಿ ಒಂದು ಅಪಾಯವೂ ಅಡಗಿದೆ. ಪೇಟೆಯಲ್ಲಿ ಬೆಲೆ ಬಂದದ್ದೇ ತಡ, ಹೊಸ ಥಾನುಗಳನ್ನೇ ಕತ್ತರಿಸಿ ಹಳೆಯ ಚೂರುಗಳಂತೆ ಜೋಡಿಸುವುದೂ ಉಂಟು. ನೋಟಕ್ಕೆ ಅದೂ ಚೆಂದವೇ. ಆದರೆ ತಿಪ್ಪೆಗೆ ಹೋಗಬೇಕಾಗಿದ್ದ ಒಂದು ಚೂರೂ ಅದರಿಂದ ಉಳಿಯಲಿಲ್ಲ. ಬಿಸಾಡಿದ ಹತ್ತಿಬಟ್ಟೆಯಾದರೂ ಕಾಲಕ್ರಮದಲ್ಲಿ ಮಣ್ಣಾದೀತು. ಇಂದು ಮನೆಮನೆಯನ್ನೂ ಹೊಕ್ಕಿರುವ ಪಾಲಿಯೆಸ್ಟರ್ ಪ್ಲಾಸ್ಟಿಕ್ಕಿನ ಒಡಹುಟ್ಟು. ಅದು ಸುಲಭವಾಗಿ ಕೊಳೆಯದು. ಸುಟ್ಟರೆ ಗಾಳಿಗೆ ವಿಷ. ಹೊಸ ಬಟ್ಟೆಯ ಕೌದಿಯನ್ನು ಕೊಂಡು, ಹಳೆಯ ಸೀರೆಯನ್ನು ಕಸಕ್ಕೆಸೆದರೆ ಕಲೆಗೆ ಮನ್ನಣೆ ದೊರೆಯಿತೆಂದು ಹೇಳಬಹುದೇ?

ಕೌದಿಯ ಪಾಠ ಹೊಲಿಗೆಯಲ್ಲಿಲ್ಲ, ಎಸೆಯುವ ಮುನ್ನ ಒಮ್ಮೆ ನೋಡುವ ಕಣ್ಣಿನಲ್ಲಿದೆ. ಅಜ್ಜಿಯ ಮಗ್ಗುಲಲ್ಲಿ ಮಲಗಿದ ಮಗು ಒಂದೊಂದೇ ಚೂರಿನ ಮೇಲೆ ಬೆರಳಿಟ್ಟು “ಇದು ಯಾರದು?” ಎಂದು ಕೇಳುತ್ತದೆ. “ಅದು ನಿನ್ನ ಅಪ್ಪನ ಮೊದಲ ಅಂಗಿ, ಇದು ನನ್ನ ಮದುವೆಯ ಸೀರೆ.” ಅಂಗಡಿಯ ಕೌದಿ ಈ ಪ್ರಶ್ನೆಗೆ ಉತ್ತರಿಸಲಾರದು.