ಅಜ್ಜಿಯ ಮಾತ್ರೆ, ಮೊಮ್ಮಗನ ಮರೆವು

ಪರೀಕ್ಷೆಯ ದಿನಗಳಲ್ಲಿ ನನ್ನ ಬಳಿ ಬರುವ ವಿದ್ಯಾರ್ಥಿಗಳ ದೂರು ಸಾಮಾನ್ಯವಾಗಿ ಎರಡೇ. ಓದಲು ಕುಳಿತರೆ ನಿದ್ದೆ ಬರುತ್ತದೆ, ಮಲಗಿದರೆ ಬರುವುದಿಲ್ಲ. ಕಳೆದ ಮಾರ್ಚ್‌ನಲ್ಲಿ ತಾಯಿಯೊಡನೆ ಬಂದ ಪಿಯುಸಿ ಹುಡುಗನ ದೂರು ಬೇರೆಯೇ ಆಗಿತ್ತು. ಸಂಜೆಯಿಂದ ಕಾಫಿ ಕುಡಿಯುತ್ತಾ ರಾತ್ರಿ 1 ಗಂಟೆಯವರೆಗೆ ಓದಿದ್ದಾನೆ. ಮಲಗಿದರೆ ಕಣ್ಣು ಮುಚ್ಚಲಿಲ್ಲ. ಅಜ್ಜಿಯ ಡಬ್ಬಿಯಿಂದ ಒಂದು ನಿದ್ದೆ ಮಾತ್ರೆ ತೆಗೆದು ನುಂಗಿ, ಅದು ಕೆಲಸ ಮಾಡುವವರೆಗೆ ಹೊತ್ತು ಹಾಳಾಗಬಾರದೆಂದು ಇನ್ನೊಂದು ಅಧ್ಯಾಯ ತೆರೆದಿದ್ದಾನೆ. ಬೆಳಿಗ್ಗೆ ನೋಡಿದರೆ ಆ ಅಧ್ಯಾಯದ ತುಂಬ ಅವನದೇ ಪೆನ್ಸಿಲ್ ಗೆರೆಗಳು. ಎಳೆದ ನೆನಪೇ ಇಲ್ಲ! ‘ನನಗೇನಾದರೂ ಆಗಿದೆಯಾ ಡಾಕ್ಟ್ರೇ?’ ಎಂದು ಕೇಳುವಾಗ ಹುಡುಗನ ಕೈ ನಡುಗುತ್ತಿತ್ತು.

ಅವನಿಗೆ ಏನೂ ಆಗಿರಲಿಲ್ಲ. ಮಾತ್ರೆ ತನ್ನ ಕೆಲಸ ಮಾಡಿತ್ತು, ಅಷ್ಟೆ.

ನಮ್ಮ ಮಿದುಳಿನ ಒಳಬದಿಯಲ್ಲಿ ಹಿಪೊಕ್ಯಾಂಪಸ್ ಎಂಬ ಸಣ್ಣ ಭಾಗವಿದೆ. ಆಕಾರ ಕಡಲಕುದುರೆಯಂತಿರುವುದರಿಂದ ಈ ಹೆಸರು. ಕಂಡದ್ದು, ಕೇಳಿದ್ದು, ಓದಿದ್ದು ನೆನಪಾಗಿ ಉಳಿಯಬೇಕಾದರೆ ಮೊದಲು ಇಲ್ಲಿ ದಾಖಲಾಗಬೇಕು. ಆಲ್ಪ್ರಜೋಲಾಮ್, ಡಯಜೆಪಾಮ್ ಮುಂತಾದ ಮಾತ್ರೆಗಳು ಮಿದುಳನ್ನು ಶಾಂತಗೊಳಿಸುವ ಗ್ಯಾಬಾ ಎಂಬ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸುತ್ತವೆ. ಆತಂಕ ಇಳಿಯುತ್ತದೆ, ನಿದ್ದೆ ಬರುತ್ತದೆ. ಜೊತೆಗೇ ಈ ದಾಖಲೆಯ ಕೆಲಸವೂ ಮಂದವಾಗುತ್ತದೆ. ಹಳೆಯ ನೆನಪು ಅಳಿಸುವುದಿಲ್ಲ. ಮಾತ್ರೆ ನುಂಗಿದ ಮೇಲಿನದು ಬರೆದುಕೊಳ್ಳುವುದಿಲ್ಲ. ಎಂಡೋಸ್ಕೋಪಿಗೆ ಮುಂಚೆ ಇದೇ ಗುಂಪಿನ ಮಿಡಜೋಲಾಮ್ ಚುಚ್ಚುಮದ್ದು ಕೊಡುವಾಗ ನಾವು ಈ ಗುಣವನ್ನು ಬೇಕೆಂದೇ ಬಳಸಿಕೊಳ್ಳುತ್ತೇವೆ. ಎಲ್ಲ ಮುಗಿದ ಮೇಲೆ ‘ಇನ್ನೂ ಶುರು ಮಾಡಲಿಲ್ಲವೇ?’ ಎಂದು ಕೇಳುವ ರೋಗಿಗಳಿದ್ದಾರೆ. ಆಸ್ಪತ್ರೆಯಲ್ಲಿ ಒಳ್ಳೆಯದಾದದ್ದು ಪರೀಕ್ಷೆಯ ಹಿಂದಿನ ರಾತ್ರಿ ಒಳ್ಳೆಯದಲ್ಲ.

‘ಹಾಗಾದರೆ ನಿದ್ದೆಯನ್ನೇ ಬಿಟ್ಟು ಓದಿದರೆ?’ ಇದು ತಾಯಿಯ ಪ್ರಶ್ನೆ. 1924ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬಿಬ್ಬರು ಒಂದು ಸರಳ ಪ್ರಯೋಗ ಮಾಡಿದರು. ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ 10 ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿಸಿದರು. 8 ಗಂಟೆ ಎಚ್ಚರವಿದ್ದು ಬಂದಾಗ ಅವರಿಗೆ ಸರಾಸರಿ ಒಂದು ಮಾತ್ರ ನೆನಪಿತ್ತು. ಅಷ್ಟೇ ಹೊತ್ತು ನಿದ್ದೆ ಮಾಡಿ ಎದ್ದಾಗ ಐದಾರು! ಇಬ್ಬರ ಮೇಲಿನ ಪ್ರಯೋಗ ಸಾಲದು ಎನ್ನಬಹುದು. ಆದರೆ ಮುಂದೆ ನಡೆದ ಅನೇಕ ಅಧ್ಯಯನಗಳೂ ನಿದ್ದೆ ನೆನಪನ್ನು ಕಾಯುತ್ತದೆ ಎಂಬ ಮಾತನ್ನೇ ಬೆಂಬಲಿಸಿವೆ. ಹಗಲು ದಾಖಲಾದದ್ದನ್ನು ಮಿದುಳು ಗಾಢ ನಿದ್ದೆಯಲ್ಲಿ ಮತ್ತೆ ಮತ್ತೆ ತಿರುವಿಹಾಕಿ ಗಟ್ಟಿಮಾಡಿಕೊಳ್ಳುತ್ತದೆ. ಗಾಢ ನಿದ್ದೆ ರಾತ್ರಿಯ ಮೊದಲ ಭಾಗದಲ್ಲಿ ಹೆಚ್ಚು, ಕನಸಿನ ನಿದ್ದೆ ಬೆಳಗಿನ ಜಾವದಲ್ಲಿ ಹೆಚ್ಚು. 3ಕ್ಕೆ ಮಲಗಿ 6ಕ್ಕೆ ಏಳುವವನು ಎರಡನೆಯದರ ಬಹುಪಾಲನ್ನು ಕಳೆದುಕೊಂಡಂತೆಯೇ. ಬೆಳಿಗ್ಗೆ 4ಕ್ಕೆ ಎದ್ದು ಓದು ಎನ್ನುವ ಹಿರಿಯರು, ತಾವು ರಾತ್ರಿ 8ಕ್ಕೇ ಮಲಗುತ್ತಿದ್ದೆವು ಎಂಬುದನ್ನು ಹೇಳುವುದಿಲ್ಲ. ಈ ವಯಸ್ಸಿನವರಿಗೆ 8 ಗಂಟೆಯಾದರೂ ನಿದ್ದೆ ಬೇಕು.

ಇನ್ನು ಕಾಫಿ. ಕುಡಿದ 5 ಗಂಟೆಗಳ ಮೇಲೂ ಅದರ ಕೆಫೀನಿನ ಸುಮಾರು ಅರ್ಧ ರಕ್ತದಲ್ಲಿ ಉಳಿದಿರುತ್ತದೆ. ಮಧ್ಯಾಹ್ನದ ನಂತರ ಬೇಡ. ನಿದ್ದೆಗೆಂದು ನೆಗಡಿ ಮಾತ್ರೆ, ಕೆಮ್ಮಿನ ಸಿರಪ್ಪು ಕುಡಿಯುವವರೂ ಇದ್ದಾರೆ. ಅದೂ ಬೇಡ, ಮರುದಿನವೂ ತಲೆ ಮಂಕಾಗಿರುತ್ತದೆ.

ಹುಡುಗನಿಗೆ ಇಷ್ಟು ಹೇಳಿ ಕಳುಹಿಸಬಹುದಿತ್ತು. ಆದರೆ ಆ ಡಬ್ಬಿ ಅಜ್ಜಿಯ ಬಳಿಗೆ ಹೇಗೆ ಬಂತು? ಕೇಳಿದಾಗ ತಾಯಿ ಹಳೆಯ ಚೀಟಿಯೊಂದನ್ನು ತೆಗೆದರು. ಬರೆದವನು ನಾನೇ. 6 ವರ್ಷದ ಹಿಂದೆ, ಅಜ್ಜಿಯ ಯಜಮಾನರು ತೀರಿಕೊಂಡಾಗ, 10 ದಿನಕ್ಕೆಂದು ಕೊಟ್ಟ ಮಾತ್ರೆ. ಅದೇ ಚೀಟಿ ತೋರಿಸಿ ಇಂದಿಗೂ ತರಿಸುತ್ತಿದ್ದರು. ಮತ್ತೆ ಬಂದು ತೋರಿಸಿ ಎಂದು ನಾನು ಬರೆದಿರಲಿಲ್ಲ. ಅದು ನನ್ನ ತಪ್ಪು.

ಅಜ್ಜಿಯನ್ನು ಕರೆತರಲು ಹೇಳಿದೆ. ಹಾಲಿಗೆ ಎರಡು ಸಲ ಸಕ್ಕರೆ, ಹೇಳಿದ್ದನ್ನೇ ಹೇಳುವುದು, ಎರಡು ಸಲ ಬಚ್ಚಲಲ್ಲಿ ಬಿದ್ದದ್ದು. ವಯಸ್ಸಾಯಿತು, ಅರಳುಮರಳು ಎಂದು ಮನೆಯವರು ತೀರ್ಮಾನಿಸಿದ್ದರು. ವಯಸ್ಸಾದವರ ದೇಹದಿಂದ ಈ ಮಾತ್ರೆಗಳಲ್ಲಿ ಅನೇಕವು ನಿಧಾನವಾಗಿ ಹೊರಹೋಗುತ್ತವೆ. ರಾತ್ರಿಯ ಮಂಪರು ಹಗಲಿಗೂ ಉಳಿಯುತ್ತದೆ. ಮರೆವಿಗೆ ಬೇರೆ ಕಾರಣಗಳೂ ಇರಬಹುದು, ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಲೇಬೇಕು. ಆದರೆ ಮೊದಲು ಮಾತ್ರೆಗಳ ಡಬ್ಬಿ ನೋಡಿ.

ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ, ಇದನ್ನು ಓದಿದ ಕೂಡಲೇ ಕಸಕ್ಕೆ ಹಾಕಬೇಡಿ. ಬಹುಕಾಲ ಸೇವಿಸಿದವರು ಒಮ್ಮೆಲೇ ನಿಲ್ಲಿಸಿದರೆ ತೀವ್ರ ಆತಂಕ, ನಡುಕ, ಕೆಲವೊಮ್ಮೆ ಫಿಟ್ಸ್ ಸಹ ಬರಬಹುದು. ವೈದ್ಯರ ಮೇಲ್ವಿಚಾರಣೆಯಲ್ಲಿ ವಾರಗಟ್ಟಲೆ, ಬೇಕಾದರೆ ತಿಂಗಳುಗಟ್ಟಲೆ, ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಅಜ್ಜಿ ಈಗ ಕಾಲು ಮಾತ್ರೆಗೆ ಬಂದಿದ್ದಾರೆ. ರಾತ್ರಿ 11ರವರೆಗೆ ನಿದ್ದೆ ಹತ್ತುವುದಿಲ್ಲ ಎಂದು ಬೈಯುತ್ತಾರೆ. ಯಾವ ತಾರೀಖಿನಿಂದ ಎಂಬುದನ್ನು ಸರಿಯಾಗಿಯೇ ಹೇಳುತ್ತಾರೆ. ಡಬ್ಬಿ ಸೊಸೆಯ ಬೀರುವಿನಲ್ಲಿದೆ, ಬೀಗ ಹಾಕಿದೆ.